ಶಿವಪ್ಪ ಕಾಕಾರ ದಾರ

ಜೂನ್ 9, ಭಾನುವಾರ. ಬೆಳಿಗ್ಗೆ 6.20ಕ್ಕೆ ಬರೆಯಲು ಕೂತೆ.

ಶಿವಪ್ಪ ಕಾಕಾರ ಅಂಗಿಯ ಎರಡನೇ ಗುಂಡಿಗೆ ಯಾವಾಗಲೂ ಒಂದು ಗೇಣು ಬಿಳಿ ದಾರ ಸುತ್ತಿರುತ್ತಿತ್ತು. ಗುಂಡಿ ಕಿತ್ತು ಬರುತ್ತಿದೆ ಎಂದುಕೊಂಡು ಅಮ್ಮ ಮೊದಲ ದಿನವೇ ನನ್ನನ್ನು ಸೂಜಿ ಕೇಳಿದ್ದರು. ಕಾಕಾ ನಕ್ಕರು. “ಇದು ಗುಂಡೀದಲ್ರಿ ಅಕ್ಕಾರ, ಗಾಡೀದು.”

ಅದು ಫೆಬ್ರವರಿ 27. ಅಮ್ಮನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಮಂಗಳವಾರ, ಶುಕ್ರವಾರ ನಾಗಪುರದ ಸದರ್ ಬಡಾವಣೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅವರು ಮಲಗಿಕೊಂಡು ಹೋಗಲಿ ಎಂದೇ ಹಳೆಯ ವ್ಯಾನ್ ಇಟ್ಟುಕೊಂಡಿದ್ದೆವು, ಓಡಿಸುತ್ತಿದ್ದವಳು ನಾನು. ಅವತ್ತು ಹಿಂಗಣಾ ರಸ್ತೆಯಲ್ಲಿ ಎಂಜಿನ್ ಕುದಿದು ನಿಂತಿತು. ಹಬೆ ಕಂಡು ಗಾಬರಿಯಾಗಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಎದುರಿನ ತಮ್ಮ ಗ್ಯಾರೇಜಿನಿಂದ ಬಂದ ಶಿವಪ್ಪ ಕಾಕಾ ನನ್ನ ಕೈ ಸರಿಸಿ, ಅಂಗಿಯ ತೋಳು ಮಡಚಿ ಸುಟ್ಟ ಕಲೆ ತೋರಿಸಿದರು. ನಾನೂ ಅಮ್ಮನೂ ಮಾತಾಡಿಕೊಂಡದ್ದು ಕಿವಿಗೆ ಬಿದ್ದಿರಬೇಕು.

“ಕನ್ನಡದವ್ರೇನ್ರಿ? ಚಲೋ ಆತು. ಮುಚ್ಚಳ ಮುಟ್ಟಬ್ಯಾಡ್ರಿ. ಅದರ ಸಿಟ್ಟು ಇಳಿಯೂತನಕಾ ನೆಳ್ಳಾಗ ಕೂಡೂನು.”

ವಿಜಯಪುರದ ಕಡೆಯವರು. ವಾಯುಪಡೆಯ ಲಾರಿಗಳನ್ನು ರಿಪೇರಿ ಮಾಡಲು ಬಂದು, ನಿವೃತ್ತರಾದ ಮೇಲೆ ನಾಗಪುರದಲ್ಲೇ ಉಳಿದಿದ್ದರು. ಒಬ್ಬರೇ ಇದ್ದರು.

ನಾನು ಎಲ್ಲವನ್ನೂ ಬರೆದಿಡುತ್ತೇನೆ: ಹೊರಟ ಹೊತ್ತು, ತಲುಪಿದ ಹೊತ್ತು, ಶಾಖದ ಮುಳ್ಳು ಎಲ್ಲಿತ್ತು. ಅದಕ್ಕೆ ಕಾಕಾ ನನಗೆ ತಲಾಟಿಬಾಯಿ ಎಂದು ಹೆಸರಿಟ್ಟಿದ್ದರು, ಊರಿನ ದಫ್ತರ ಬರೆಯುವವಳು ಎಂದು. “ಏನ್ ಬರದ್ರಿ ತಲಾಟಿಬಾಯಿ? ನಾ ಕೆಮ್ಮಿದ್ದೂ ಬರಕೋರಿ.” ಬರೆದುಕೊಂಡಿದ್ದೆ. ಏಪ್ರಿಲ್ 5, ಆರು ಸಲ.

ದಾರದ ಕೆಲಸ ಇದು. ರೇಡಿಯೇಟರ್ ಹಿಂದೆ ಎರಡು ವಿದ್ಯುತ್ ಫ್ಯಾನುಗಳಿರುತ್ತವೆ. ಅವು ಹೊರಗಿನ ಗಾಳಿಯನ್ನು ಎಂಜಿನ್ ಕಡೆಗೆ ಎಳೆಯಬೇಕು. ತಂತಿ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಎಂಜಿನ್ನಿನ ಬಿಸಿಗಾಳಿಯನ್ನೇ ರೇಡಿಯೇಟರ್ ಮೂಲಕ ಹೊರಕ್ಕೆ ನೂಕುತ್ತದೆ, ನೀರು ತಣಿಯುವುದಿಲ್ಲ. ನೋಡುವವರಿಗೆ ತಿರುಗುತ್ತಿರುವುದಷ್ಟೇ ಕಾಣುತ್ತದೆ.

“ಪಂಖಾ ತಿರಗೂದು ನೋಡಿ ಮಳ್ಳ ಆಗಬ್ಯಾಡ್ರಿ. ವಾಯರಿನ ಬಣ್ಣಾನೂ ನಂಬಬ್ಯಾಡ್ರಿ. ದಾರ ಸುಳ್ಳು ಹೇಳಂಗಿಲ್ಲ,” ಎನ್ನುತ್ತ ಮುಂಭಾಗದ ಜಾಲರಿಯೆದುರು ದಾರ ಹಿಡಿಯುತ್ತಿದ್ದರು. ಒಳಕ್ಕೆ ಸೆಳೆದರೆ ಸರಿ. ತಂತಿಯನ್ನು ಬ್ಯಾಟರಿಗೆ ಸುಮ್ಮನೆ ತಾಗಿಸಿ ಒಮ್ಮೆ, ಭದ್ರವಾಗಿ ಜೋಡಿಸಿದ ಮೇಲೊಮ್ಮೆ. ನನ್ನ ಲೆಕ್ಕದಲ್ಲಿ ನಮ್ಮ ವ್ಯಾನನ್ನು ಅವರು ಒಂಬತ್ತು ಸಲ ನೋಡಿದರು. ಎಂಟು ಸಲ ದಾರ ಹಿಡಿದದ್ದು ಅವರೇ.

ಒಂಬತ್ತನೆಯದು ಮೇ 14, ಮಂಗಳವಾರ. ಜ್ವರದಿಂದ ಹಿಂದಿನ ಶುಕ್ರವಾರದ ಡಯಾಲಿಸಿಸ್ ತಪ್ಪಿತ್ತು. ಅಮ್ಮನ ಕಾಲು ಊದಿತ್ತು, ಎರಡು ಮಾತಿಗೊಮ್ಮೆ ಏದುಸಿರು. ಆಟೊದಲ್ಲಿ ಕೂರುವ ಸ್ಥಿತಿ ಇರಲಿಲ್ಲ. ಒಂದು ಫ್ಯಾನಿನ ಮೋಟಾರ್ ಸುಟ್ಟುಹೋಗಿ, ಕಾಕಾ ಹೊಸದನ್ನು ಹಾಕುತ್ತಿದ್ದರು. ಅದರ ಎರಡು ತಂತಿಗಳೂ ಕಪ್ಪು. ಬ್ಯಾಟರಿ ಇರುವುದು ಚಾಲಕನ ಸೀಟಿನ ಕೆಳಗೆ. ಅಲ್ಲಿ ಬಗ್ಗಿಕೊಂಡೇ ಅವರು ದಾರ ಬಿಚ್ಚಿ ನನಗೆ ಕೊಟ್ಟು, ತಂತಿಗಳನ್ನು ಬ್ಯಾಟರಿಗೆ ತಾಗಿಸಿದರು.

“ನೀವ ಹಿಡೀರಿ, ಜಲ್ದಿ ಆಗತದ. ಎತ್ತಾಗ ಹೋಗತದ?”

“ಮುಂದೆ ಹೋಗ್ತಿದೆ ಕಾಕಾ.”

“ಮುಂದ?”

“ಹೂಂ, ಮುಂದೆ.”

ಅವರು ತಂತಿ ಬದಲಿಸಿ ಜೋಡಿಸಿದರು. “ಇನ್ನೊಮ್ಮೆ ದಾರ ನೋಡೂನು.”

ಗಂಟೆ 1.35. ಎರಡಕ್ಕೆ ಅಮ್ಮನ ಸರದಿ. “ಸಾಕು ಕಾಕಾ, ಹೊತ್ತಾಯ್ತು,” ಎಂದು ಹೊರಟುಬಿಟ್ಟೆ.

ಸೀತಾಬರ್ಡಿಯ ವಾಹನಗಳ ಸಾಲಿನಲ್ಲಿ 2.05ಕ್ಕೆ ಎಂಜಿನ್ ನಿಂತಿತು. ಆ್ಯಂಬುಲೆನ್ಸ್ ಬಂದದ್ದು 2.50ಕ್ಕೆ. ಅಷ್ಟರಲ್ಲಿ ಅಮ್ಮನ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಗುರುವಾರ ಬೆಳಿಗ್ಗೆ 4.10ಕ್ಕೆ ತೀರಿಕೊಂಡರು.

ವ್ಯಾನ್ ಎಳೆದೊಯ್ದ ಮೆಕ್ಯಾನಿಕ್ ಫೋನ್ ಮಾಡಿ, “ಏಕ್ ಪಂಖಾ ಉಲ್ಟಾ ಹೈ ದೀದಿ, ಕಿಸ್ನೇ ಲಗಾಯಾ?” ಎಂದ. ಒಂದು ಫ್ಯಾನ್ ಉಲ್ಟಾ ಇದೆ, ಹಾಕಿದ್ದು ಯಾರು ಎಂಬ ಆ ಪ್ರಶ್ನೆಯನ್ನು ನಾನು ಹಾಗೇ ಕಾಕಾಗೆ ಫೋನಿನಲ್ಲಿ ದಾಟಿಸಿದೆ.

ಮೇ 28, ಅಮ್ಮನ ಹದಿಮೂರನೇ ದಿನ, ಕಾಕಾ ನಮ್ಮ ಬಾಗಿಲಿಗೆ ಬಂದರು. ಚಪ್ಪಲಿ ಬಿಟ್ಟವರು ಹೊಸ್ತಿಲು ದಾಟಲಿಲ್ಲ. ಗುಂಡಿಯಲ್ಲಿ ದಾರವಿರಲಿಲ್ಲ.

“ನನ್ನ ಕೈಲೆ ತಪ್ಪಾತು, ತಂಗಿ. ವಯಸ್ಸಾತು. ಇನ್ನ ಗಾಡಿ ಮುಟ್ಟಂಗಿಲ್ಲ.”

ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ.

ಜೂನ್ 2ರಂದು ಹಳೆಯ ಪುಟ ತಿರುವಿದೆ. ಮೇ 14ರ ಕೆಳಗೆ ನನ್ನದೇ ಅಕ್ಷರ: “ದಾರ ಮುಂದೆ ಹೋಯಿತು. ಜಾಲರಿಗೆ ಅಂಟಿಕೊಂಡಿತು.” ಓದಿ ಅಲ್ಲೇ ಕೂತೆ. ನಾನು ವ್ಯಾನಿಗೆ ಮುಖಮಾಡಿ ನಿಂತಿದ್ದೆ. ನನ್ನ ಮುಂದೆ ಎಂದರೆ ಒಳಕ್ಕೆ, ಎಂಜಿನ್ ಕಡೆಗೆ. ಗಾಡಿಯೊಳಗೆ ಬಗ್ಗಿದ್ದ ಕಾಕಾಗೆ ಮುಂದ ಎಂದರೆ ಗಾಡಿಯ ಮುಂದೆ, ಹೊರಕ್ಕೆ. ಸರಿಯಾಗಿದ್ದ ತಂತಿಯನ್ನು ಅವರು ನನ್ನ ಮಾತು ನಂಬಿ ತಿರುಗಿಸಿದ್ದರು.

ಅಂದೇ ಗ್ಯಾರೇಜಿಗೆ ಓಡಿದೆ. ಬೀಗ. ಪಕ್ಕದ ಪಂಕ್ಚರ್ ಅಂಗಡಿಯವರಿಗೆ ಗೊತ್ತಿದ್ದುದು ಇಷ್ಟೇ: ಸ್ಪ್ಯಾನರುಗಳನ್ನೆಲ್ಲ ಅವರಿವರಿಗೆ ಹಂಚಿ, ಒಂದು ಕೈಚೀಲ ಹಿಡಿದು ಹೋದರು. ಫೋನ್ ಬಂದ್. ಇವತ್ತಿಗೆ ಏಳು ದಿನ, ನಲವತ್ತೆರಡು ಸಲ ಮಾಡಿದ್ದೇನೆ.

ಬಲ ಮುಂಗೈ ಮೇಲೆ ಉದ್ದನೆಯ ಸುಟ್ಟ ಕಲೆ, ಎಡಗಾಲು ತುಸು ಎಳೆಯುತ್ತಾರೆ, ಮಾತಿನ ನಡುವೆ ಕೆಮ್ಮು. ವಿಜಯಪುರದ ಕಡೆ, ನಾಗಪುರದ ಪಕ್ಕದ ಕಾಮಠಿಯಲ್ಲಿ, ಎಲ್ಲಿಯಾದರೂ ಇಂಥವರನ್ನು ಕಂಡವರು ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಬರೆಯುವ ಮೊದಲು ಅವರಿಗೊಂದು ಮಾತು ಹೇಳಿ. ದಾರ ಸರಿಯಾಗಿಯೇ ಹೇಳಿತ್ತು, ತಪ್ಪು ಹೇಳಿದವಳು ತಲಾಟಿಬಾಯಿ.