ಕಳಿಸಿಕೊಡುವ ನಾಯಿ

ಮಗಳು ನಾಯಿ ತರಬೇತಿ ಕ್ಲಬ್ಬಿಗೆ ಸೇರುತ್ತೇನೆ ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಬೇರೆ ನಾಯಿಗಳೂ ಇರುತ್ತವೆಯೇ ಎಂಬುದು. ಅವಳು ಹದಿಮೂರು ವರ್ಷದ ಹುಡುಗಿ, ಮೊದಲೇ ಮಾತು ಕಡಿಮೆ. ಇಂಥ ಪ್ರಶ್ನೆಗೆ ಇರುವಷ್ಟನ್ನೂ ಖರ್ಚು ಮಾಡುವವಳಲ್ಲ.

ನಮ್ಮ ನಾಯಿ ಸಂಡೂರಿನದು. ಅಲ್ಲಿ ಗೆಳೆಯನೊಬ್ಬನ ಗ್ಯಾರೇಜಿನ ಹಿಂದೆ ಹುಟ್ಟಿದ ಕಂತ್ರಿ ಮರಿ. ಅದರ ಕೆಂಪು ಬಣ್ಣ ಮೆಚ್ಚಿ ತಂದೆವು. ಹೊಸಪೇಟೆಗೆ ತಂದು ಎರಡು ಸಲ ತೊಳೆದ ಮೇಲೆ ಅದು ಬಿಳಿ ನಾಯಿ ಎಂದು ಗೊತ್ತಾಯಿತು. ಕೆಂಪೆಲ್ಲ ಅಲ್ಲಿನ ಗಣಿ ಅದಿರಿನ ಧೂಳು. ಬಣ್ಣ ಬಿಡುವುದೂ ಒಂದು ರೋಗವಿರಬಹುದೆಂದು ನಾನು ದನದ ಡಾಕ್ಟರ ಬಳಿ ಓಡಿದ್ದೆ. ತೊಳೆದ ನೀರು ಯಾವ ಬಣ್ಣಕ್ಕಿತ್ತು ಎಂದಷ್ಟೇ ಕೇಳಿ ಅವರು ನನ್ನನ್ನು ವಾಪಸ್ ಕಳಿಸಿದರು.

ಕ್ಲಬ್ಬು ನಡೆಯುವುದು ಭಾನುವಾರ ಬೆಳಿಗ್ಗೆ, ಕಾಲುವೆ ದಾಟಿದರೆ ಸಿಗುವ ಒಂದು ಮೈದಾನದಲ್ಲಿ. ನಡೆಸುವವರು ಪೊಲೀಸ್ ಶ್ವಾನದಳದಲ್ಲಿದ್ದು ನಿವೃತ್ತರಾದ ಒಬ್ಬ ಹಿರಿಯರು; ಮಕ್ಕಳಿಗೆಲ್ಲ ಅವರು ಮೇಷ್ಟ್ರು. ಹತ್ತರಿಂದ ಹದಿನೆಂಟು ವರ್ಷದವರಿಗೆ ಮಾತ್ರ ಪ್ರವೇಶ. ತಂದೆತಾಯಿಗಳಿಗೆ ಅಂಚಿನಲ್ಲಿ ಒಂದು ಕಲ್ಲುಬೆಂಚು. ಮೊದಲ ದಿನ ನಾನು ಮೇಷ್ಟ್ರ ಬಳಿ ಹೋಗಿ ಬಿಸಿಲು, ನೀರು, ಉಣ್ಣೆಹುಳ, ಚುಚ್ಚುಮದ್ದು ಎಂದು ಒಂದೊಂದಾಗಿ ವಿಚಾರಿಸಿದೆ. ಅವರು ಎಲ್ಲಕ್ಕೂ ಸಮಾಧಾನದಿಂದ ಉತ್ತರಿಸಿ, ಬೆಂಚು ತೋರಿಸಿದರು. ಬೆಂಚು ಗಟ್ಟಿ ಇದೆಯೇ ಎಂದು ಮಾತ್ರ ನಾನು ಕೇಳಲಿಲ್ಲ.

ಮೊದಲ ಎರಡು ತಿಂಗಳು ಯಾರೂ ಸದಸ್ಯರಲ್ಲ. ಕೊನೆಯ ಭಾನುವಾರ ಪರೀಕ್ಷೆ. ನಾಯಿ ಕರೆದರೆ ಬರಬೇಕು, ಪಕ್ಕದಲ್ಲಿ ನಡೆಯಬೇಕು. ಕೊನೆಗೆ "ಕುಂತಿರು" ಎಂದು ಹೇಳಿ ಮಕ್ಕಳು ಮೈದಾನದ ಮೂಲೆಯ ಪಂಪ್‌ಹೌಸಿನ ಗೋಡೆಯ ಹಿಂದೆ ಮರೆಯಾದರೆ ಮೂರು ನಿಮಿಷ ಕೂತಲ್ಲೇ ಕೂತಿರಬೇಕು. ಗೆದ್ದವರ ಕೊರಳಿಗೆ ನೀಲಿ ದಾರದ ಸೀಟಿ. ಇಲ್ಲದವರು ಮುಂದಿನ ವರ್ಷ ಬರಬೇಕು. ತಾನು ಮಾತ್ರ ಮುಂದಿನ ವರ್ಷ ಬರುವುದಿಲ್ಲ ಎಂದು ಮಗಳು ಮೊದಲೇ ಹೇಳಿಬಿಟ್ಟಿದ್ದಳು. ಹೇಳಿದಂತೆ ಮಾಡುವವಳು ಅವಳು. ಈಜು ಬಿಟ್ಟಳು, ಸೈಕಲ್ ಬಿಟ್ಟಳು. ಎರಡೂ ನನ್ನ ಭಯದ ಕಾಟಕ್ಕೆ. ಇನ್ನು ಇದೊಂದು ಉಳಿದಿತ್ತು.

ಕರೆಯುವುದು, ನಡೆಯುವುದು ಮೂರೇ ವಾರದಲ್ಲಿ ಬಂತು. ಕೂತಿರುವುದು ಬರಲಿಲ್ಲ. ಮಗಳು ಬೆನ್ನು ತಿರುಗಿಸಿದ ಕೂಡಲೇ ನಾಯಿ ಎದ್ದು ಅವಳ ಜೊತೆ ಹೊರಡುತ್ತಿತ್ತು. ಅಳುವುದಿಲ್ಲ, ಓಡುವುದಿಲ್ಲ. ಮರ್ಯಾದಸ್ತರಂತೆ ಪಕ್ಕದಲ್ಲಿ ನಡೆದು ಹೋಗಿ ಪಂಪ್‌ಹೌಸಿನ ಮೂಲೆಯಲ್ಲಿ ನಿಂತು, ಅವಳು ಮರೆಯಾಗುವವರೆಗೆ ನೋಡಿ, ಬಾಲ ಆಡಿಸಿ, ತಾನಾಗಿಯೇ ವಾಪಸ್ ಬಂದು ತನ್ನ ಜಾಗದಲ್ಲಿ ಕೂರುತ್ತಿತ್ತು. ಕೆಲಸ ಮುಗಿಸಿದ ಸಮಾಧಾನ ಅದರ ಮುಖದಲ್ಲಿ.

ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ ಎಂದರು ಮೇಷ್ಟ್ರು. ನಾಲ್ಕು ಸಲ ನೋಡಿದ ಮೇಲೆ ನೇರವಾಗಿ ಬೆಂಚಿಗೇ ಬಂದರು.

"ಮನಿಯಾಗ ಯಾರರ ಹೊಂಟ್ರ ನೀವು ಏನ್ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ನಕ್ಕಳು. ಆಮೇಲೆ ಮಾತಾಡಿದಳು. ಅಷ್ಟುದ್ದ ಮಾತನ್ನು ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ಅವಳು ಹೇಳಿದ್ದೆಲ್ಲ ನಿಜವೇ: ನಮ್ಮ ಮನೆಯಿಂದ ಹೊರಡುವುದು ಒಂದು ಪ್ರಯಾಣ. "ಬರ್ತೀನಿ" ಎಂದು ಯಾರಾದರೂ ಎದ್ದರೆ ಎಲ್ಲರೂ ಏಳುತ್ತೇವೆ. ಹೊಸ್ತಿಲ ಬಳಿ ಒಂದು ಮಾತು ಶುರುವಾಗುತ್ತದೆ. ಗೇಟಿನ ಬಳಿ ನಿಜವಾದ ವಿಷಯ ಹೊರಬರುತ್ತದೆ: ಯಾರದೋ ಆಪರೇಷನ್ನು, ಯಾರಿಗೋ ನೋಡಿದ ಹೆಣ್ಣು. ಅಲ್ಲಿಂದ ಓಣಿಯ ಕೊನೆಯ ಬೇವಿನ ಮರದವರೆಗೆ ಮೆರವಣಿಗೆ. ಇದರ ಮಧ್ಯೆ ನಾನು ನೀರಿನ ಬಾಟಲಿ, ಫೋನಿನ ಚಾರ್ಜರು, ಬಿ.ಪಿ. ಮಾತ್ರೆ ಎಂದು ಒಂದೊಂದನ್ನೇ ನೆನಪಿಸುತ್ತ, ಪ್ರತಿಯೊಂದಕ್ಕೂ ಅವರನ್ನು ನಿಲ್ಲಿಸುತ್ತ ಹೋಗುತ್ತೇನೆ. ನಮ್ಮ ಮನೆಗೆ ಬಂದವರು ಮೊದಲ ಬಸ್ಸನ್ನು ಹಿಡಿದದ್ದೇ ಇಲ್ಲ. ಮರಿಯಾಗಿದ್ದಾಗಿನಿಂದ ನಾಯಿಯೂ ಜೊತೆಗೆ ಬರುತ್ತದೆ. ಅವರು ಹತ್ತಿದ ಆಟೋ ಮರೆಯಾಗುವವರೆಗೆ ಎಲ್ಲರ ಸಂಗಡ ನಿಂತು, ಎಲ್ಲರ ಸಂಗಡ ವಾಪಸಾಗುತ್ತದೆ.

"ಹಂಗಾದ್ರ ನಾಯಿದೇನೂ ತಪ್ಪಿಲ್ಲ ಬಿಡ್ರಿ," ಎಂದರು ಮೇಷ್ಟ್ರು. "ಅದು ನಿಮ್ಮನಿ ಪದ್ಧತಿ ಕಲ್ತೈತಿ. ಈಗ ಅದು ಕುಂದ್ರಬೇಕಂದ್ರ ಮೊದಲು ನೀವು ಕುಂದ್ರಬೇಕು."

ಅಂದಿನಿಂದ ಪರೀಕ್ಷೆ ಮುಗಿಯುವ ತನಕ, ಮನೆಯಿಂದ ಯಾರೇ ಹೊರಟರೂ ಉಳಿದವರು ಏಳಕೂಡದು, ಕೂತಲ್ಲಿಂದ ಕೂಗಿ ನೆನಪಿಸಲೂ ಕೂಡದು ಎಂದಾಯಿತು. ಎರಡನೆಯ ಷರತ್ತು ಯಾರ ಸಲುವಾಗಿ ಎಂದು ಯಾರೂ ಹೇಳಲಿಲ್ಲ.

ಹೆಂಡತಿ ಕಮಲಾಪುರದ ಶಾಲೆಯಲ್ಲಿ ಟೀಚರು. ಸೋಮವಾರ ಅವಳು ಹೊರಟಾಗ ನಾನು ಕುರ್ಚಿಯ ಎರಡೂ ಕೈ ಹಿಡಿದು ಕೂತೆ. ಊಟದ ಡಬ್ಬಿ ಮೇಜಿನ ಮೇಲೆಯೇ ಇತ್ತು. ನಾನು ಅದನ್ನು ನೋಡಿದೆ, ಮಗಳು ನನ್ನನ್ನು ನೋಡಿದಳು, ನಾಯಿ ನಮ್ಮಿಬ್ಬರನ್ನೂ ನೋಡಿತು. ಯಾರೂ ಏಳಲಿಲ್ಲ. ಹಸಿವಿನಿಂದ ಅವಳಿಗೆ ತಲೆಸುತ್ತು ಬಂದು ಬಿದ್ದರೆ ಎಂದು ಸಂಜೆವರೆಗೆ ನನಗೆ ನಮ್ಮ ಅಂಗಡಿಯಲ್ಲಿ ಕೆಲಸ ಸಾಗಲಿಲ್ಲ. ಅವಳು ಬಂದವಳೇ, ಬಸ್‌ಸ್ಟ್ಯಾಂಡಿನ ಬಳಿ ಮಿರ್ಚಿ ಮಂಡಕ್ಕಿ ತಿಂದೆ, ಮಸ್ತ್ ಇತ್ತು, ನಾಳೆಯೂ ಡಬ್ಬಿ ಬ್ಯಾಡ ಎಂದಳು.

ಎರಡು ವಾರ ಹೀಗೇ ನಡೆಯಿತು. ನಾಯಿ ಮೊದಮೊದಲು ಒಬ್ಬೊಂಟಿಯಾಗಿ ಗೇಟಿನವರೆಗೆ ಹೋಗಿ, ಹಿಂದೆ ಯಾರೂ ಇಲ್ಲದ್ದನ್ನು ಕಂಡು ನಾಚಿ ವಾಪಸ್ ಬರುತ್ತಿತ್ತು. ಬರಬರುತ್ತ ಕೂತಲ್ಲೇ ಕಿವಿ ಮಾತ್ರ ಎತ್ತತೊಡಗಿತು.

ಆಗ ಕಂಪ್ಲಿಯಿಂದ ನಮ್ಮಕ್ಕ ಬಂದಳು. ಅವಳದು ಅಕ್ಕಿ ಗಿರಣಿಯ ಮನೆ. ಬರುವಾಗ ಅಕ್ಕಿ, ಬಾಳೆಗೊನೆ ಹೊರದೆ ಬರುವವಳಲ್ಲ. ಉಂಡು, ಮಲಗಿ ಎದ್ದು, ಚಹಾ ಕುಡಿದು ಚೀಲ ಎತ್ತಿಕೊಂಡು "ಬರ್ತೀನಿ" ಎಂದಳು. ನಾವು ಕೂತೇ ಇದ್ದೆವು. ಮೊದಲೇ ಹೇಳಿಡಬೇಕಿತ್ತು. ಸಾವಿರ ವಿಷಯಕ್ಕೆ ಚಿಂತಿಸುವ ನನಗೆ ಇದೊಂದು ಹೊಳೆಯಲಿಲ್ಲ.

ಅಕ್ಕ ಹೊಸ್ತಿಲಲ್ಲಿ ತಿರುಗಿ ನಿಂತಳು. "ಯಾಕಲೇ ತಮ್ಮ, ಕಾಲು ಹಿಡ್ಕಂಡಾವೇನು?"

ನಾನು ಗಡಬಡಿಸಿ ಕ್ಲಬ್ಬು, ಪಂಪ್‌ಹೌಸು, ಮೂರು ನಿಮಿಷ ಎಲ್ಲ ವಿವರಿಸಿದೆ. ಕೂತುಕೊಂಡೇ ವಿವರಿಸಿದೆ, ಅದು ಇನ್ನೂ ಕೆಟ್ಟದಾಯಿತು. ಅವಳು ಪೂರ್ತಿ ಕೇಳಿದಳು.

"ಆತು ಬಿಡು. ನಾಯಿ ಮುಂದ ನಾ ಎಷ್ಟರಾಕಿ," ಎಂದು ಒಬ್ಬಳೇ ಗೇಟು ತೆರೆದು ಹೋದಳು. ಬೇವಿನ ಮರದವರೆಗೆ ಅವಳ ಚಪ್ಪಲಿಯ ಸದ್ದು ಕೇಳಿತು. ನಾಯಿ ಅಲುಗಲಿಲ್ಲ. ಅಂದು ಅದು ಮೊದಲ ಬಾರಿಗೆ ಪೂರ್ತಿ ಪಾಸಾಗಿತ್ತು, ಆದರೆ ಶಾಭಾಸ್ ಎನ್ನಲು ನಮಗೆ ಯಾರಿಗೂ ಬಾಯಿ ಬರಲಿಲ್ಲ.

ಊರು ಮುಟ್ಟಿದೆ ಎಂದು ಅಕ್ಕ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಭಾವ ಎತ್ತಿಕೊಂಡು ಅವಳು ಗಿರಣಿಯಲ್ಲಿದ್ದಾಳೆ ಎನ್ನುತ್ತಿದ್ದರು. ಹತ್ತು ದಿನ ಅವಳು ಗಿರಣಿಯಲ್ಲೇ ಇದ್ದಳು. ಕ್ಲಬ್ಬು ಬಿಟ್ಟುಬಿಡೋಣವೇ ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಬಾಯಿಂದ ಬಂತು. ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಈಜು ಬಿಟ್ಟ ದಿನವೂ ಅವಳು ಹೀಗೇ ತಟ್ಟೆ ನೋಡುತ್ತ ಕೂತಿದ್ದಳು. ಬ್ಯಾಡ, ಮುಗಿಸೋಣ ಎಂದು ನಾನೇ ಮಾತು ತಿದ್ದಿಕೊಂಡೆ.

ಪರೀಕ್ಷೆಯ ಭಾನುವಾರ ನಾನೂ ಹೆಂಡತಿಯೂ ಬೆಂಚಿನ ಬಳಿ ಹೋದರೆ ಅಕ್ಕ ಅಲ್ಲಿ ಕೂತಿದ್ದಳು, ತೊಡೆಯ ಮೇಲೆ ಚೀಲ ಇಟ್ಟುಕೊಂಡು. ಮಗಳು ನಮಗೆ ಹೇಳದೆ ಅವಳಿಗೆ ಫೋನ್ ಮಾಡಿದ್ದಳಂತೆ. ಬಾ ಅತ್ತಿ, ಪರೀಕ್ಷೆ ಮುಗಿದ ಮೇಲೆ ಹಳೇ ಬಾಕಿ ಸೇರಿಸಿ ಕಳಿಸಿಕೊಡುತ್ತೇವೆ ಎಂದಿದ್ದಳಂತೆ. ನಮಗೆ ಜಾಗ ಮಾಡಿಕೊಡಲು ಅಕ್ಕ ಅಷ್ಟು ಸರಿದಳು, ನನ್ನ ಮುಖ ಮಾತ್ರ ನೋಡಲಿಲ್ಲ.

ಮಗಳು ನಾಯಿಯನ್ನು ಕೂರಿಸಿ, "ಕುಂತಿರು" ಎಂದು, ತಿರುಗಿ ನೋಡದೆ ನಡೆದು ಗೋಡೆಯ ಹಿಂದೆ ಹೋದಳು. ಒಂದು ನಿಮಿಷ ಕಳೆಯಿತು. ಎರಡನೆಯದರಲ್ಲಿ ನಾಯಿ ಮುಂಗಾಲು ಸರಿಸಿತು. ಕುಂಡೆ ನೆಲದಿಂದ ನಾಲ್ಕು ಬೆರಳು ಮೇಲೆ ಬಂತು. ಹಾಗೇ ತಡೆದು ಅದು ಬೆಂಚಿನ ಕಡೆ ನೋಡಿತು, ಮನೆಯವರು ಯಾರಾದರೂ ಎದ್ದಿದ್ದಾರೇನೋ ಎಂದು.

ನಾನು ಅರ್ಧ ಎದ್ದಿದ್ದೆ.

"ಕುಂದ್ರಲೇ," ಎಂದು ಅಕ್ಕ ನನ್ನ ಅಂಗಿ ಹಿಡಿದು ಜಗ್ಗಿದಳು. ನಾನು ಕೂತೆ. ಆ ಕಡೆ ನಾಯಿಯೂ ಕೂತಿತು. ಮೂರು ನಿಮಿಷ ಆಯಿತೆಂದು ಮೇಷ್ಟ್ರು ಕೈ ಎತ್ತುವವರೆಗೆ ಅಕ್ಕ ಅಂಗಿ ಬಿಡಲಿಲ್ಲ.

ಮಗಳ ಕೊರಳಿಗೆ ಸೀಟಿ ಬಂತು. ಅವಳು ಅದನ್ನು ಊದಲಿಲ್ಲ, ಬರೀ ಮುಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ನಾವು ಮೂವರೂ ನಾಯಿಯೊಡನೆ ಅಕ್ಕನನ್ನು ಕಳಿಸಲು ಕಂಪ್ಲಿ ಬಸ್ಸು ನಿಲ್ಲುವ ರಸ್ತೆಯವರೆಗೆ ನಡೆದೆವು. ದಾರಿಯಲ್ಲಿ ಅಕ್ಕ ಅವತ್ತು ಹೊಸ್ತಿಲಲ್ಲಿ ಹೇಳದೆ ಉಳಿಸಿಕೊಂಡಿದ್ದ ಸುದ್ದಿಗಳನ್ನೆಲ್ಲ ಬಿಚ್ಚಿದಳು. ಬಸ್ಸು ಬಂದಾಗ ನಾನು ನೀರಿನ ಬಾಟಲಿ ಇದೆಯೇ ಎಂದು ಕೇಳಿದೆ. ಅವಳು ಚೀಲದೊಳಗೆ ಕೈಹಾಕಿ ಹುಡುಕತೊಡಗಿದಳು. ಅಷ್ಟರಲ್ಲಿ ಬಸ್ಸು ಹೊರಟುಹೋಯಿತು.

ಅರ್ಧ ಗಂಟೆಗೆ ಇನ್ನೊಂದಿತ್ತು. ಅಲ್ಲೇ ಕಾಲುವೆ ಸೇತುವೆಯ ಕಟ್ಟೆಯ ಮೇಲೆ ಎಲ್ಲರೂ ಕೂತೆವು, ನಾಯಿಯೂ.