ವಿಮರ್ಶಕನ ಮೂಗು

ವಿಸ್ಕಿಯ ರುಚಿ ನಾಲಿಗೆಗೆ ಸೇರಿದ್ದು ಎಂದು ಜನ ನಂಬಿದ್ದಾರೆ. ಅಲ್ಲ, ಅದು ಬಹುಪಾಲು ಮೂಗಿನ ಕೆಲಸ ಎಂದು ನಾನು ಸಿಕ್ಕಿದವರಿಗೆಲ್ಲ ಪಾಠ ಹೇಳುತ್ತಿದ್ದೆ. ಪಾಠ ಎಷ್ಟು ನಿಜವೆಂದು ನನಗೇ ತಿಳಿದದ್ದು ಮೂಗು ಹೋದ ಮೇಲೆ. ಹೋಯಿತೆಂದರೆ, ಮುಖದ ಮೇಲೆ ಇದೆ. ಕನ್ನಡಕ ಅದರ ಮೇಲೆಯೇ ಕೂತಿದೆ. ವಾಸನೆ ಹಿಡಿಯುವ ಶಕ್ತಿ ಹೋಯಿತು.

ಪಕ್ಕದ ಮನೆಯ ಅಷ್ಟೋತ್ತರ ಕೇಳಿ ಏಳುವ ಚಾಮರಾಜಪೇಟೆಯಲ್ಲಿ ಕೂತು ಸ್ಕಾಟ್ಲೆಂಡಿನ ವಿಸ್ಕಿಗೆ ಕನ್ನಡದಲ್ಲಿ ವಿಮರ್ಶೆ ಬರೆಯುವುದು ಎಂಥ ಕಸುಬು ಎಂದು ನೀವು ಕೇಳಬಹುದು. ಕಸುಬಲ್ಲ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದವನ ಗೀಳು. ಆ ಕಡೆಯ ದ್ವೀಪಗಳ ಜೌಗು ನೆಲದಲ್ಲಿ ಹುಲ್ಲು, ಪಾಚಿ ಎಲ್ಲ ಕೊಳೆತು ಕಪ್ಪು ಮಣ್ಣಾಗಿರುತ್ತದೆ, ಪೀಟ್ ಎನ್ನುತ್ತಾರೆ. ಅದನ್ನು ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಉರಿಸಿ, ಆ ಹೊಗೆಯಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುತ್ತಾರೆ. ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿದರೂ ಆ ಹೊಗೆ ಬಿಟ್ಟುಹೋಗುವುದಿಲ್ಲ. ಅಲ್ಲಿನವರಿಗೆ ಅದರಲ್ಲಿ ಅವರ ಸಮುದ್ರತೀರ ಸಿಗುತ್ತದೆ. ನನಗೆ ಸಿಕ್ಕಿದ್ದು ತೆಂಗಿನ ಮಟ್ಟೆ ಉರಿಸಿದ ಬಚ್ಚಲೊಲೆ, ತರಚಿದ ಮಂಡಿಗೆ ಹಚ್ಚಿದ ಟಿಂಚರ್, ಆರತಿ ಮುಗಿದ ಮೇಲಿನ ಕರ್ಪೂರದ ತಟ್ಟೆ. ಹಾಗೆಯೇ ಬರೆದು ಇಂಟರ್‌ನೆಟ್ಟಿಗೆ ಹಾಕಿದೆ. ಒಂದಷ್ಟು ಓದುಗರಾದರು, ಹೆಚ್ಚಿನವರು ಕುಡಿಯದವರು. ಕರ್ಪೂರವನ್ನು ಇದರೊಳಗೆ ಎಳೆಯಬೇಡಿ ಎಂದು ಒಬ್ಬರು ಬೈದೂ ಬರೆದರು.

ಕಳೆದ ವರ್ಷ ಒಂದು ಜ್ವರ ಬಂದು ಹೋಯಿತು. ಚೇತರಿಸಿಕೊಂಡು ಹೊಸ ಬಾಟಲಿ ತೆರೆದರೆ ಗ್ಲಾಸಿನಲ್ಲಿ ಏನೂ ಇಲ್ಲ. ಬಾಯಿಗೆ ಹಾಕಿದರೆ ಉರಿ, ಹಿಂದೆಯೇ ಒಂದಿಷ್ಟು ಸಿಹಿ, ಅಷ್ಟೆ. ನಕಲಿ ಮಾಲು ಎಂದುಕೊಂಡು ಗೆಳೆಯ ನಾಗರಾಜನನ್ನು ಕರೆಸಿದೆ. ಅವನದು ಮಾಮೂಲ್‌ಪೇಟೆಯಲ್ಲಿ ಅಜ್ಜನ ಕಾಲದ ಅಂಗಡಿ. ಹಣೆಗೆ ವಿಭೂತಿ ಇಲ್ಲದೆ ಬಾಗಿಲು ತೆಗೆಯುವವನಲ್ಲ. ಶನಿವಾರ ಸಂಜೆ ಮಾತ್ರ ನನ್ನ ಜೊತೆಗಾರ.

"ಬಾಗಿಲಿಗೇ ಹೊಡೀತಿದೆಯಲ್ಲ ಗುರು, ಹೊಗೆ," ಎನ್ನುತ್ತಲೇ ಒಳಗೆ ಬಂದ. ಗ್ಲಾಸನ್ನು ಮೂಸಿದ. ನನ್ನ ಮುಖ ನೋಡಿದ. "ಬಾಟ್ಲು ಸರಿಯಾಗೇ ಇದೆ ಕಣೋ," ಎಂದು ಮೆಲ್ಲಗೆ ಹೇಳಿದ.

ನರಕ್ಕೆ ಪೆಟ್ಟಾಗಿದೆ, ವಾಸನೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಲವಂಗ, ನಿಂಬೆ, ನೀಲಗಿರಿ ಎಣ್ಣೆಯನ್ನು ದಿನವೂ ನೆನಪಿಸಿಕೊಳ್ಳುತ್ತಾ ಮೂಸಬೇಕಂತೆ. ಕಣ್ಣು ಮುಚ್ಚಿದರೆ ಲವಂಗ ಎಂಬ ಪದ ಬರುತ್ತದೆ, ಅದರ ಮೊಳೆಯಂಥ ಆಕಾರ ಬರುತ್ತದೆ, ಲವಂಗ ಬರುವುದಿಲ್ಲ. ನನ್ನ ಹಳೆಯ ವಿಮರ್ಶೆಗಳನ್ನು ತೆಗೆದು ಓದಿದೆ. ಯಾರದೋ ಪ್ರವಾಸಕಥನದಂತಿದ್ದವು. ಆ ಊರಿಗೆ ನಾನು ಹೋಗಿದ್ದೆನೆಂದು ನಂಬಿಕೆ ಬರಲಿಲ್ಲ.

ಕಾಫಿ ಎಂದರೆ ಕಹಿಯಾದ ಬಿಸಿನೀರು. ಸಾರು ಎಂದರೆ ಉಪ್ಪು, ಹುಳಿ, ಖಾರ. ಗಾಂಧಿಬಜಾರಿನ ಹೂವಿನ ಅಂಗಡಿಗಳು ಧ್ವನಿ ಆರಿಸಿದ ಟಿವಿಯಂತೆ. ನನ್ನ ಮೈ ನಾರುತ್ತಿದೆಯೇನೋ ಎಂಬ ಅನುಮಾನದಿಂದ ಮದುವೆ ಮನೆಯಲ್ಲೂ ಮೂಲೆಯ ಕುರ್ಚಿ ಹುಡುಕುತ್ತೇನೆ. ಕಣ್ಣು ಹೋದವನ ಕೈಯನ್ನು ಜನ ಹಿಡಿಯುತ್ತಾರೆ, ಮೂಗು ಹೋಯಿತೆಂದರೆ ನಗುತ್ತಾರೆ. ಕುಡಿಯೋದು ಬಿಡಿಸಲು ದೇವರೇ ದಾರಿ ಮಾಡಿದ ಎಂದರು ನಮ್ಮತ್ತಿಗೆ. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಒಂದು ಸಂಜೆ ನನ್ನ ಹೆಂಡತಿ ಸರಸ್ವತಿ ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ಹೇಳಿ ದೇವಸ್ಥಾನಕ್ಕೆ ಹೋದಳು. ನಮ್ಮದು ರೈಲು ಡಬ್ಬಿಯಂಥ ಉದ್ದನೆಯ ಮನೆ. ನಾನು ಮುಂದಿನ ಕೋಣೆಯಲ್ಲಿ ಓದುತ್ತಾ ಹಾಲನ್ನು ಮರೆತೆ. ಹಾಲು ಉಕ್ಕಿ, ಬತ್ತಿ, ಸೀದು, ಪಕ್ಕದ ಮಸಿಬಟ್ಟೆಗೆ ಬೆಂಕಿ ಹತ್ತಿತ್ತು. ರಸ್ತೆಯ ತಿರುವಿನಲ್ಲೇ ವಾಸನೆ ಬಡಿದು ಅವಳು ಓಡಿಬಂದಳು. ಹೊಗೆಯಲ್ಲಿ ಜಾತಿ, ಉಪಜಾತಿ ವಿಂಗಡಿಸುತ್ತಿದ್ದವನು ಪುಟ ತಿರುಗಿಸುತ್ತಾ ಕೂತಿದ್ದೆ.

ಬೆಂಕಿಗೆ ನೀರು ಹೊಯ್ದು ಬಂದು ಪಕ್ಕದಲ್ಲಿ ಕೂತಳು. ಬೈಯಲಿಲ್ಲ. "ನಿಮ್ಮನ್ನ ಒಬ್ರನ್ನೇ ಬಿಟ್ಟು ಹೋಗೋಕೆ ಇನ್ಮೇಲೆ ಭಯ ಆಗುತ್ತೆ ಕಣ್ರೀ," ಎಂದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಅವಳೆದುರು ಅತ್ತುಬಿಟ್ಟೆ.

ಆ ಶನಿವಾರ ಬಾಟಲಿಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿ, ತೆಗೆದುಕೊಂಡು ಹೋಗು ಎಂದು ನಾಗರಾಜನಿಗೆ ಹೇಳಿದೆ. ಅವನು ಬೇಡವೆಂದ. ನಾನು ಹಟ ಹಿಡಿದಾಗ ಒಲ್ಲದ ಮನಸ್ಸಿನಿಂದ ಚೀಲಕ್ಕೆ ತುಂಬತೊಡಗಿದ. ಸರಸ್ವತಿ ಅವನನ್ನು ತಡೆದು, ಒಂದು ಬಾಟಲಿಯಿಂದ ಗ್ಲಾಸಿಗೆ ಒಂದು ತೊಟ್ಟು ಬಗ್ಗಿಸಿಕೊಂಡು ಮೂಗಿನ ಹತ್ತಿರ ಹಿಡಿದಳು. ಮುಖ ಕಿವುಚಿದಳು. ಆಮೇಲೆ ಕಣ್ಣು ಮುಚ್ಚಿದಳು.

"ಬಾಣಂತಿ ಕೋಣೆ," ಎಂದಳು. "ಮಗೂಗೆ ನೀರು ಹಾಕಿ ಹೊಗೆ ಹಿಡೀತಾರಲ್ಲ, ಅದು. ಅದೇ ಕೋಣೇಲಿ ಯಾರೋ ಗಾಯಕ್ಕೆ ಔಷಧಿ ಹಚ್ಕೊಂಡು ಕೂತಿದ್ದಾರೆ."

ನಾಗರಾಜ ಚೀಲವನ್ನು ಕೆಳಗಿಟ್ಟ. ಇಷ್ಟು ವರ್ಷ ಬರೆದರೂ ಆ ಕೋಣೆ ನನಗೆ ಹೊಳೆದಿರಲಿಲ್ಲ. ಗಂಡಸರು ಅದರ ಹೊಸ್ತಿಲಾಚೆಯೇ ನಿಂತವರು. ಗ್ಲಾಸು ಇಸಿದುಕೊಂಡು ನಾನೂ ಮೂಸಿದೆ. ಏನೂ ಇರಲಿಲ್ಲ. ಸರಸ್ವತಿ ಅದನ್ನು ವಾಪಸು ತೆಗೆದುಕೊಂಡು, ಯಾರೂ ಕೇಳದಿದ್ದರೂ ಇನ್ನೊಮ್ಮೆ ಮೂಸಿದಳು.

ತಿಂಗಳುಗಟ್ಟಲೆ ಸತ್ತಂತಿದ್ದವನಿಗೆ ಆಗ ಎದೆಯಲ್ಲಿ ಏನೋ ಚುರುಕ್ಕೆಂದಿತು. ವಿಮರ್ಶಕನ ಮೂಗು ಹೋದರೂ ಹೊಟ್ಟೆಕಿಚ್ಚು ಹೋಗುವುದಿಲ್ಲವೆಂದು ಗೊತ್ತಾಯಿತು.