ಕ್ವಾರಿ ಸೀನಪ್ಪನ ಆರು ನಿಮಿಷದ ನಡಿಗೆ

ರಾಬರ್ಟ್‌ಸನ್‌ಪೇಟೆಯ ಆ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಈ ತುದಿಗೊಂದು, ಆ ತುದಿಗೊಂದು ಕುರ್ಚಿ ಇಟ್ಟಿದ್ದರು. ಅವುಗಳ ನಡುವೆ ಹೋಗಿ ಬರುತ್ತಾ ಆರು ನಿಮಿಷ ನಡೆಯಬೇಕು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸುತ್ತದೆ. ಕೂತಾಗ ಸೀನಪ್ಪನದು ನೂರಕ್ಕೆ ತೊಂಬತ್ಮೂರು ಇತ್ತು. ನಡೆಯುವಾಗ ಎಂಬತ್ತೆಂಟಕ್ಕಿಂತ ಕೆಳಗಿಳಿದರೆ ಮಾತ್ರ ಒಂದು ಧರ್ಮಸಂಸ್ಥೆ ಮನೆಗೆ ಆಮ್ಲಜನಕದ ಯಂತ್ರ ಕೊಡುತ್ತಿತ್ತು. ಅದಕ್ಕೆಂದೇ ಹೆಂಡತಿ ಮುನಿಯಮ್ಮ ಬೂದಿಕೋಟೆಯಿಂದ ಅವನನ್ನು ಬಸ್ಸು ಹತ್ತಿಸಿ ಕರೆತಂದಿದ್ದಳು.

"ತಾತ, ಆದಷ್ಟು ಜೋರಾಗಿ ನಡೀರಿ. ಉಸಿರು ಕಟ್ಟಿದ್ರೆ ನಂಗೆ ಹೇಳಿ," ಎಂದಳು ಪರೀಕ್ಷೆ ಮಾಡುವ ಪ್ರೇರಣಾ.

ಹಾಗೆ ಹೇಳುವುದೊಂದೇ ಸೀನಪ್ಪನಿಗೆ ಬಾರದ ವಿದ್ಯೆ. ಹೊಲದ ಕೆಲಸ ಬಿಟ್ಟು ಹರೆಯದಲ್ಲೇ ಕಲ್ಲು ಕ್ವಾರಿ ಸೇರಿದವನು. ಬಂಡೆಗೆ ಕುಳಿ ಕೊರೆಯುತ್ತಿದ್ದ. ಬಿಳಿ ಧೂಳು ರೆಪ್ಪೆಯ ಮೇಲೂ ಕೂರುತ್ತಿತ್ತು. ಬಾಯಿಗೆ ಅಡ್ಡ ಒಂದು ಟವೆಲ್ಲು, ಅಷ್ಟೆ. ಏದುಸಿರು ಬಿಡುವವನು ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಮಾರನೆಯ ದಿನ ಅವನಿಗೆ ಕೆಲಸವಿಲ್ಲ. ಹಾಗಾಗಿ ಅಲ್ಲಿನ ಆಳುಗಳು ಒಂದು ಉಪಾಯ ಕಂಡುಕೊಂಡಿದ್ದರು. ದಮ್ಮು ಕಟ್ಟಿದಾಗ ನಿಂತು, ಪಂಚೆ ಬಿಚ್ಚಿ ಮತ್ತೆ ಬಿಗಿಯುವುದು. ನೋಡುವವರಿಗೆ ಅದು ಪಂಚೆ, ಕಟ್ಟುವವನಿಗೆ ನಾಲ್ಕು ಉಸಿರು.

ಪಡಸಾಲೆಯಲ್ಲೂ ಅವನು ಅದನ್ನೇ ಮಾಡಿದ. ಪ್ರತಿ ಕುರ್ಚಿಯ ಬಳಿ ನಿಂತು ಪಂಚೆ ಬಿಗಿದ.

"ಸುಸ್ತಾಯ್ತಾ ತಾತ?"

"ಎಲ್ಲಿ ಸುಸ್ತಮ್ಮಾ! ಪಂಚೆ ಒಸದು, ಜಾರ್ತೈತೆ."

ಆರು ನಿಮಿಷ ಮುಗಿದಾಗ ಕ್ಲಿಪ್ಪು ತೊಂಬತ್ತಕ್ಕಿಂತ ಕೆಳಗೆ ಇಳಿದೇ ಇರಲಿಲ್ಲ. ಯಂತ್ರ ಸಿಗುವುದಿಲ್ಲವೆಂದು ಪ್ರೇರಣಾ ಹೇಳಿದಳು. ಸೀನಪ್ಪನ ಮುಖದಲ್ಲಿ ಮಾತ್ರ ಗೆದ್ದವನ ಕಳೆ.

ಬೆಂಚಿನ ಮೇಲಿದ್ದ ಮುನಿಯಮ್ಮ ಎದ್ದೇ ಬಿಟ್ಟಳು. "ಪಂಚೆಯಂತೆ ಪಂಚೆ! ಬಚ್ಚಲಿಗೋಗಿ ಬರಾಕೆ ಗೋಡೆ ಇಡ್ಕೊಂತೀಯ. ಇಲ್ಲಿ ಮದುವೆ ಗಂಡಿನಂಗೆ ನಡೀತೀಯ? ಇವ್ಳೇನು ನಿನ್ ಮೇಸ್ತ್ರೀನಾ?"

"ಕೈಲಾಗ್ದೋನಿಗೆ ಯಾಕೆ ಮಿಷನ್ನು ಅಂದ್ಬಿಟ್ರೆ?"

"ಕೈಲಾಗ್ದೋರಿಗೇ ಕಣಯ್ಯಾ ಅದನ್ನ ಕೊಡೋದು!"

ಪ್ರೇರಣಾಗೆ ಈಗ ವಿಷಯ ತಿಳಿಯಿತು. ಅವನನ್ನು ಒಂದು ಗಂಟೆ ಕೂರಿಸಿ, ಚೆನ್ನಾಗಿ ಸುಧಾರಿಸಿಕೊಂಡ ಮೇಲೆ ಮತ್ತೆ ನಡೆಸಿದಳು. ಪಂಚೆ ಮುಟ್ಟುವಂತಿಲ್ಲ ಎಂದಳು. ಮೊದಲ ಸುತ್ತು ಸರಿಯಾಗಿತ್ತು. ಎರಡನೆಯದರಲ್ಲಿ ಕತ್ತಿನ ನರಗಳು ಎದ್ದವು, ತುಟಿ ನೀಲಿಯಾಯಿತು. ಮೂರನೆಯದು ಮುಗಿಯಲಿಲ್ಲ. ಗೋಡೆಗೆ ಅಂಗೈ ಊರಿ ನಿಂತವನ ಬೆರಳಲ್ಲಿ ಕ್ಲಿಪ್ಪು ಎಪ್ಪತ್ತೊಂಬತ್ತು ತೋರಿಸುತ್ತಿತ್ತು. ಪ್ರೇರಣಾ ಓಡಿಹೋಗಿ ಅವನ ಬೆನ್ನಿಗೆ ಕುರ್ಚಿ ತಂದಿಟ್ಟಳು. ಅವಳ ದನಿ ತಗ್ಗಿತ್ತು.

"ಯಂತ್ರ ಸಿಗತ್ತಮ್ಮ. ಮಲಗಿದಾಗ, ಓಡಾಡುವಾಗ ಅದರ ಪೈಪು ಮೂಗಿಗೆ ಹಾಕ್ಕೊಂಡೇ ಇರ್ಬೇಕು."

"ಪೈಪು ಎಷ್ಟುದ್ದ ಬತ್ತೈತವ್ವಾ?" ಎಂದಳು ಮುನಿಯಮ್ಮ.

"ಮನೆ ಒಳಗೆಲ್ಲ ಆಗತ್ತೆ."

"ಊರ ಮುಂದಿನ ಅಳ್ಳೀಮರದ ಕಟ್ಟೆಗೆ?"

ಪ್ರೇರಣಾ ತಲೆಯಾಡಿಸಿದಳು. ಇಲ್ಲ.

ಸೀನಪ್ಪ ಏದುಸಿರು ಬಿಡುತ್ತಲೇ ಹೇಳಿದ. "ಬುಡೇ. ಅಲ್ಲಿ ಯಾರವ್ರೆ ಈಗ? ನನ್ ಜೊತೆ ಕುಳಿ ಒಡದೋರೆಲ್ಲ ಇದೇ ದಮ್ಮಲ್ಲಿ ಸತ್ತೋದ್ರು."